ಹಲವು ವರ್ಷಗಳ ಫೋಟೋ ಯೋಜನೆಗೆ ಅನುದಾನ ಕೇಳುವ ಅರ್ಜಿ ಎಲ್ಲಿ ಎಡವುತ್ತದೆ?

ಹೆಚ್ಚಾಗಿ ಚಿತ್ರಗಳ ಆಯ್ಕೆಯಲ್ಲಿ. ಬೇರೆ ಬೇರೆ ಕೆಲಸಗಳಿಂದ ಒಳ್ಳೊಳ್ಳೆಯ ಫೋಟೋ ಹೆಕ್ಕಿ ಕಳಿಸಿದರೆ ಅದು ಪೋರ್ಟ್‌ಫೋಲಿಯೊ ಆಗುತ್ತದೆಯೇ ಹೊರತು ಯೋಜನೆಯಲ್ಲ. ಇಂಥ ಅನುದಾನಗಳ ತೀರ್ಪುಗಾರರು ಸಾಮಾನ್ಯವಾಗಿ ಹುಡುಕುವುದು ಈಗಾಗಲೇ ಶುರುವಾದ, ಇನ್ನೂ ಮುಗಿಯದ ಕೆಲಸವನ್ನು. ಕೇಳಿದ್ದು 20 ಚಿತ್ರವಾದರೆ ಇಪ್ಪತ್ತೂ ಅದೇ ಯೋಜನೆಯವಿರಲಿ. ಎರಡು ಚಿತ್ರ ಒಂದೇ ಮಾತು ಹೇಳುತ್ತಿದ್ದರೆ ಒಂದನ್ನು ಕೈಬಿಡಿ.

ಚಿತ್ರಗಳ ಜೊತೆ ಕಳಿಸುವ ಯೋಜನೆಯ ಟಿಪ್ಪಣಿಯ ಮೊದಲೆರಡು ವಾಕ್ಯದಲ್ಲೇ ಯಾರು, ಎಲ್ಲಿ, ಇನ್ನೇನು ಬಾಕಿ ಎಂಬುದು ಬರಬೇಕು. ‘ಮಾನವ ಸಂಬಂಧಗಳ ಶೋಧ’ ಎಂಬಂಥ ಸಾಲು ಯಾವ ಯೋಜನೆಗೂ ಹೊಂದುತ್ತದೆ, ಅದಕ್ಕೇ ಪ್ರಯೋಜನವಿಲ್ಲ.

ಬಜೆಟ್‌ನಲ್ಲಿ ಪ್ರಯಾಣ, ವಾಸ್ತವ್ಯ, ದುಭಾಷಿ, ಸ್ಕ್ಯಾನಿಂಗ್ ಜೊತೆಗೆ, ನಿಯಮ ಒಪ್ಪಿದರೆ, ನಿಮ್ಮ ಸಂಭಾವನೆಯನ್ನೂ ಸೇರಿಸಿ. ಕ್ಯಾಮೆರಾ ಖರೀದಿಗೆ ಅನುದಾನ ಕೊಡುವ ಹಲವರು ಹಣ ಕೊಡುವುದಿಲ್ಲ. ಅರ್ಹತೆಯನ್ನು ಮೊದಲೇ ನೋಡಿ: ಉದಾಹರಣೆಗೆ, ಅಮೆರಿಕದ ಗುಗೆನ್‌ಹೈಮ್ ಪ್ರತಿಷ್ಠಾನ ಕೊಡುವ ಗುಗೆನ್‌ಹೈಮ್ ಫೆಲೋಶಿಪ್ ಎಂಬ ಅನುದಾನ ಅಮೆರಿಕ, ಕೆನಡಾದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ.