ತರವಾಡು ಹೆಂಗಸರದ್ದು ಅಂತ ನಂಬಿ ಸೋದರಮಾವನನ್ನು ಬಿಡಬೇಡಿ

ಅಮ್ಮ ಪಾಲಕ್ಕಾಡ್ ಕಡೆಯ ನಾಯರ್, ಅವರ ತರವಾಡಿನ, ಅಂದರೆ ತಾಯಿ ಕಡೆಯ ಕೂಡುಕುಟುಂಬದ, ಜಾಗ ಮಾರಬೇಕು, ನಾಯರ್ ಪದ್ಧತಿಯಲ್ಲಿ ಆಸ್ತಿ ಹೆಂಗಸರದ್ದೇ ಅಲ್ವಾ, ಸೋದರಮಾವಂದಿರನ್ನು ಕೇಳದೆ ಮುಂದುವರಿಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಅದನ್ನೇ ಮಾಡಿದವಳು.

ನನ್ನ ಅಮ್ಮನ ಮನೆ ಒಟ್ಟಪಾಲಂ ಹತ್ತಿರ. ಅಪ್ಪ ಮಂಗಳೂರಿನ ಬಂಟರು. ಅಲ್ಲಿ ಮರುಮಕ್ಕತ್ತಾಯಂ, ಇಲ್ಲಿ ಅಳಿಯಸಂತಾನ, ಎರಡೂ ತಾಯಿಯ ಸಾಲಿನಲ್ಲಿ ಆಸ್ತಿ ಇಳಿಯುವ ಪದ್ಧತಿಗಳು. ಎರಡೂ ಕಡೆ "ನಮ್ಮಲ್ಲಿ ಹೆಂಗಸರದ್ದೇ ರಾಜ್ಯ" ಅನ್ನೋ ಮಾತು ಕೇಳಿಯೇ ಬೆಳೆದೆ. ಆ ಮಾತು ಅರ್ಧ ಸತ್ಯ.

ತರವಾಡಿನ ಆಸ್ತಿ ಒಬ್ಬರದ್ದಾಗಿರಲಿಲ್ಲ. ಒಬ್ಬ ಮೂಲ ತಾಯಿಯ ಹೆಣ್ಣುಮಕ್ಕಳ ಸಾಲಿನಲ್ಲಿ ಹುಟ್ಟಿದ ಎಲ್ಲರದ್ದೂ ಅದು, ಗಂಡುಮಕ್ಕಳೂ ಸೇರಿ. ಗೇಣಿ, ಖರ್ಚು, ಕೋರ್ಟು ವ್ಯವಹಾರವೆಲ್ಲ ಹಿರಿಯ ಗಂಡಸು, ಅಂದರೆ ಕಾರಣವರ ಕೈಯಲ್ಲಿ. ಹೆಣ್ಣಿಗಿದ್ದದ್ದು ಹುಟ್ಟಿದ ಮನೆಯಲ್ಲೇ ಕೊನೆತನಕ ಇರುವ ಹಕ್ಕು. ಅದು ಸಣ್ಣದೇನಲ್ಲ. ಸಂಬಂಧಂ ಮದುವೆಯಲ್ಲಿ ಗಂಡ ಬಟ್ಟೆ ಕೊಟ್ಟು ಕೂಡಿಕೊಳ್ಳುತ್ತಿದ್ದ, ರಾತ್ರಿ ಬಂದು ಹೋಗುತ್ತಿದ್ದ. ಅವನು ಬಿಟ್ಟು ಹೋದರೂ ಅವಳೂ ಮಕ್ಕಳೂ ಬೀದಿಪಾಲಾಗುತ್ತಿರಲಿಲ್ಲ. ಆದರೆ ಆ ಗಂಡಸು ತನ್ನ ಸ್ವಂತ ಮಕ್ಕಳಿಗೆ ತರವಾಡಿನದ್ದು ಒಂದು ತೆಂಗಿನಮರವನ್ನೂ ಬರೆದುಕೊಡುವಂತಿರಲಿಲ್ಲ. ಈ ಸಂಕಟ ಒಳಗೊಳಗೇ ಬೆಳೆದೇ ತಿರುವಾಂಕೂರಿನಲ್ಲಿ 1912 ಮತ್ತು 1925ರ ನಾಯರ್ ಕಾಯ್ದೆಗಳು, ಮಲಬಾರಿಗೆ 1933ರ ಮದ್ರಾಸ್ ಕಾಯ್ದೆ ಬಂದವು. ಕೊನೆಗೆ ಕೇರಳ ಸರ್ಕಾರ ಹಿಂದೂ ಅವಿಭಕ್ತ ಕುಟುಂಬವನ್ನೇ ರದ್ದು ಮಾಡಿತು. ಅದು ಜಾರಿಗೆ ಬಂದದ್ದು 1976ರ ಡಿಸೆಂಬರ್ 1ಕ್ಕೆ. ಅಂದು ಜೀವಂತವಿದ್ದ ಪ್ರತಿ ಸದಸ್ಯರಿಗೂ ತಲೆಗೊಂದು ಸಮಪಾಲು. ಅಜ್ಜಿಗೂ ಒಂದೇ, ತೊಟ್ಟಿಲ ಕೂಸಿಗೂ ಒಂದೇ.

ನಮ್ಮ ತರವಾಡಿನಲ್ಲಿ ಅಂದು ಇದ್ದ ಸದಸ್ಯರು ಏಳು ಜನ: ಅಮ್ಮಮ್ಮ, ದೊಡ್ಡಮ್ಮ, ಅವರ ಇಬ್ಬರು ಮಕ್ಕಳು, ಅಮ್ಮ, ಕೂಸಾಗಿದ್ದ ನಾನು, ಮತ್ತು ಅಮ್ಮಾವನ್, ನನ್ನ ಸೋದರಮಾವ. ಏಳರಲ್ಲಿ ಒಂದು ಪಾಲು ಅವರದ್ದು. ಆಮೇಲೆ ಅಮ್ಮಮ್ಮ ತೀರಿಕೊಂಡಾಗ ಅವರ ಪಾಲಿನಲ್ಲೂ ಮೂರರಲ್ಲೊಂದು ಮಾವನಿಗೆ ಬಂತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ, ಗಂಡು ಹೆಣ್ಣು ಎನ್ನದೆ, ಸಮ.

ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಮಾವ "ಅದು ನಿಮ್ಮ ಮನೆ, ನನಗೇನೂ ಬೇಡ" ಅನ್ನುತ್ತಿದ್ದರು. ನಾನು ಅದನ್ನೇ ಬಿಟ್ಟುಕೊಟ್ಟ ಹಾಗೆ ಅಂದುಕೊಂಡೆ. ಬಾಯಿಮಾತಿಗೆ ಜಮೀನಿನ ಹಕ್ಕು ಹೋಗುವುದಿಲ್ಲ, ರಿಜಿಸ್ಟರ್ ಆದ ಹಕ್ಕುಬಿಡುಗಡೆ ಪತ್ರ ಬೇಕು. ಅವರಿದ್ದಾಗ ಕೇಳಿದ್ದರೆ ಖುಷಿಯಿಂದ ಸಹಿ ಹಾಕುತ್ತಿದ್ದರು. ಕೇಳಲಿಲ್ಲ. ಕೇಳುವ ಅಗತ್ಯವೇ ಇಲ್ಲ ಅಂದುಕೊಂಡಿದ್ದೆ, ನೀವು ಈಗ ಅಂದುಕೊಂಡ ಹಾಗೆಯೇ. ಅವರು ಹೋದ ಮೇಲೆ ಅವರ ಪಾಲು ಅವರ ಹೆಂಡತಿ ಅಮ್ಮಾಯಿಗೂ ಮಕ್ಕಳಿಗೂ ಸೇರಿತು. ನಾವು ಹೆಂಗಸರಷ್ಟೇ ಸಹಿ ಹಾಕಿ ಮಾರಾಟದ ಕರಾರು ಮಾಡಿಕೊಂಡು ಮುಂಗಡ ತೆಗೆದುಕೊಂಡೆವು. ಕೊಳ್ಳುವವರ ವಕೀಲರು ಮಾವನ ಕಡೆಯವರ ಸಹಿ ಎಲ್ಲಿ ಅಂದರು. ಆಗ ನಾನು ಕಾಗದ ಹಿಡಿದುಕೊಂಡು ಅಮ್ಮಾಯಿಯ ಮನೆಗೆ ಹೋದೆ. "ನಿಮಗೆ ಪಾಲೇನೂ ಬರಲ್ಲ, ಸುಮ್ನೆ ಒಂದು ಸಹಿ ಬೇಕಿತ್ತು" ಅಂದೆ.

"ಪಾಲಿಲ್ಲ ಅಂದ್ಮೇಲೆ ಸಹಿ ಯಾಕೆ?" ಅಂತ ಕೇಳಿದರು.

ಆ ಮನೆಯ ಮಾಡು ರಿಪೇರಿ ಮಾಡಿಸಿದ್ದು ಮಾವನ ಸಂಬಳದಿಂದ. ಅದನ್ನು ಅಮ್ಮಾಯಿ ಮರೆತಿರಲಿಲ್ಲ. ಪಾಲಿನ ದಾವೆ ಬಿತ್ತು. ಮುಂಗಡವನ್ನು ಬಡ್ಡಿ ಸಮೇತ ಹಿಂದಿರುಗಿಸಿದೆವು. ಕೋರ್ಟು ಕೊನೆಗೆ ಕೊಟ್ಟದ್ದು ಮೇಲೆ ಹೇಳಿದ ಅದೇ ಲೆಕ್ಕ. ಅಮ್ಮಾಯಿ ಮಾತ್ರ ನಮ್ಮ ಜೊತೆ ಮಾತು ಬಿಟ್ಟರು, ಇವತ್ತಿಗೂ ಆಡುವುದಿಲ್ಲ.

ವಕೀಲರ ಹತ್ತಿರ ಆಮೇಲೆ ಹೋಗಿ. ಮೊದಲು ಅಮ್ಮನನ್ನು ಕರೆದುಕೊಂಡು ಮಾವಂದಿರ ಮನೆಗೆ ಹೋಗಿ, ಬರಿಗೈಯಲ್ಲಿ, ಕಾಗದವಿಲ್ಲದೆ. 1976ರ ಡಿಸೆಂಬರ್ 1ರಂದು ತರವಾಡಿನ ಸದಸ್ಯರಾಗಿ ಯಾರ‍್ಯಾರು ಇದ್ದರು ಅಂತ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಅದಕ್ಕೂ ಹಿಂದಿನ ರಿಜಿಸ್ಟರ್ಡ್ ಪಾಲುಪಟ್ಟಿ ಏನಾದರೂ ಇದ್ದರೆ ಲೆಕ್ಕವೇ ಬೇರೆಯಾಗುತ್ತದೆ. ಆ ಪಟ್ಟಿ ಇದ್ದರೆ, ಮನೆಯ ಹಿರಿಯರಾದ ಅವರ ಪೆಟ್ಟಿಗೆಯಲ್ಲೇ ಇರುವ ಸಾಧ್ಯತೆ ಜಾಸ್ತಿ.