ರಮಾಬಾಯಿಗೆ ಪಾಠ ಹೇಳಿದ್ದು ಯಾರು?

ಕಾರ್ಕಳದ ಓದುಗರೊಬ್ಬರು ಕೇಳಿದ್ದಾರೆ: "ಹೆಣ್ಣುಮಕ್ಕಳ ಓದಿನ ಮಾತು ಬಂದಾಗಲೆಲ್ಲ ಪಂಡಿತಾ ರಮಾಬಾಯಿ ಹೆಸರು ಹೇಳುತ್ತೀರಿ. ಅವರು ನಮ್ಮ ಕಡೆಯವರು ಅನ್ನುತ್ತಾರೆ, ನಿಜವಾ? ಅವರನ್ನು ಓದಿಸಿದ್ದು ಮಿಷನರಿಗಳೇ ಅಲ್ವಾ?"

ಮೊದಲನೆಯದು ನಿಜ. ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್‌ನಲ್ಲಿ, ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ನಿಮ್ಮ ತಾಲ್ಲೂಕಿನ ಮಾಳದವರು, ಮನೆಮಾತು ಮರಾಠಿ. ಎರಡನೆಯದು ಮಾತ್ರ ಖಂಡಿತ ಅಲ್ಲ. ರಮಾಬಾಯಿ ಇಂಗ್ಲೆಂಡಿಗೆ ಹೋಗಿ ಕ್ರೈಸ್ತರಾದದ್ದು 1883ರಲ್ಲಿ. 1878ರಲ್ಲೇ ಕಲ್ಕತ್ತೆಯ ವಿದ್ವಾಂಸರು ಅವರ ಸಂಸ್ಕೃತ ಕೇಳಿ 'ಪಂಡಿತಾ', 'ಸರಸ್ವತಿ' ಎಂದು ಬಿರುದು ಕೊಟ್ಟಾಗಿತ್ತು.

ಪಾಠ ಹೇಳಿದ್ದು ಅಮ್ಮ, ಲಕ್ಷ್ಮೀಬಾಯಿ.

ಅಮ್ಮನಿಗೆ ಕಲಿಸಿದ್ದು ಅಪ್ಪ. ಅನಂತ ಶಾಸ್ತ್ರಿಗಳು ವಿದ್ಯಾರ್ಥಿಯಾಗಿದ್ದಾಗ ಪೇಶ್ವೆಯ ಅರಮನೆಯಲ್ಲಿ ಗುರುಗಳು ರಾಣಿಗೆ ಸಂಸ್ಕೃತ ಹೇಳಿಕೊಡುವುದನ್ನು ಕಂಡಿದ್ದರು. ನಾನೂ ಹೆಂಡತಿಗೆ ಕಲಿಸಬೇಕು ಅನ್ನುವ ಹಟ ಹತ್ತಿದ್ದು ಅಲ್ಲೇ. ಮೊದಲ ಹೆಂಡತಿಯ ವಿಷಯದಲ್ಲಿ ಅದು ನಡೆಯಲಿಲ್ಲ. ಆಕೆ ತೀರಿಕೊಂಡ ಮೇಲೆ, ಯಾತ್ರೆಯಲ್ಲಿದ್ದಾಗ, ಗೋದಾವರಿ ದಡದಲ್ಲಿ ಸಿಕ್ಕ ಇನ್ನೊಬ್ಬ ಯಾತ್ರಿಕ ತನ್ನ 9 ವರ್ಷದ ಮಗಳನ್ನು ಕೊಡುತ್ತೇನೆ ಅಂದ. ಮಾರನೇ ದಿನವೇ ಮದುವೆ. ಶಾಸ್ತ್ರಿಗಳಿಗೆ ಆಗಲೇ 40 ದಾಟಿತ್ತು. ಅವರನ್ನು ಹೊಗಳುವವರು ಈ ಭಾಗವನ್ನು ಸುಮ್ನೆ ಹಾರಿಸಿಬಿಡುತ್ತಾರೆ. ಮಗಳು ಹಾರಿಸಲಿಲ್ಲ, ತಮ್ಮ ಪುಸ್ತಕದಲ್ಲೇ ಬರೆದರು.

ಹೆಂಗಸಿಗೆ ಸಂಸ್ಕೃತ ಕಲಿಸಿದ್ದಕ್ಕೆ ಗಲಾಟೆಯಾಯಿತು. ಶಾಸ್ತ್ರಿಗಳು ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಇದು ಶಾಸ್ತ್ರಕ್ಕೆ ವಿರೋಧವಲ್ಲ ಎಂದು ವಾದ ಮಾಡಬೇಕಾಯಿತು. ಗಂಗಾಮೂಲದ ಮನೆಯಲ್ಲಿ ವಿದ್ಯಾರ್ಥಿಗಳಿಗೂ ಯಾತ್ರಿಕರಿಗೂ ಊಟ ಹಾಕಿ ಹಾಕಿ ಸಾಲವಾಯಿತು, ಜಮೀನು ಹೋಯಿತು. 6 ತಿಂಗಳ ರಮಾಳನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ತಲೆಯ ಮೇಲೆ ಹೊರಿಸಿಕೊಂಡು ಸಂಸಾರ ಘಟ್ಟ ಬಿಟ್ಟಿತು.

ಆಮೇಲೆ ಊರೂರು ಅಲೆದಾಟ. ದೇವಸ್ಥಾನದಲ್ಲಿ, ನದಿಯ ದಡದಲ್ಲಿ ಕೂತು ಪುರಾಣ ಓದುವುದು, ಕೇಳಿದವರು ಕೊಟ್ಟದ್ದರಲ್ಲಿ ಬದುಕುವುದು. ಅಮ್ಮನಿಗೆ ಹಗಲೆಲ್ಲ ಕೆಲಸ. ಹಾಗಾಗಿ ಬೆಳಕು ಹರಿಯುವ ಮೊದಲೇ, ನೆಲದ ಮೇಲೆ ಮಲಗಿದ್ದ ಮಗಳನ್ನು ಮುದ್ದು ಮಾಡಿ ಎಬ್ಬಿಸಿ ಪಾಠ ಶುರು. ಪುಸ್ತಕ ಇಲ್ಲ. ಅಮ್ಮ ಹೇಳುವುದು, ಮಗಳು ತಿರುಗಿ ಹೇಳುವುದು. ಹೀಗೇ ಬಾಯಿಪಾಠವಾದ ಪುರಾಣದ ಶ್ಲೋಕಗಳು 18,000 ಎಂದು ಅವರ ಬದುಕಿನ ಬಗ್ಗೆ ಬರೆದವರು ಲೆಕ್ಕ ಕೊಡುತ್ತಾರೆ.

ಅಕ್ಕನಿಗೆ ಚಿಕ್ಕಂದಿನಲ್ಲೇ ಮದುವೆ ಮಾಡಿ, ಅದು ಕೆಟ್ಟು, ಅಪ್ಪ ನೊಂದಿದ್ದರು. ರಮಾ 22ರವರೆಗೆ ಮದುವೆಯಿಲ್ಲದೆ ಓದಲು ಸಾಧ್ಯವಾದದ್ದು ಅದರಿಂದಲೇ.

ಆದರೆ ಆ ಓದು ಹೊಟ್ಟೆಗೆ ಹಿಟ್ಟು ಕೊಡಲಿಲ್ಲ. 1870ರ ದಶಕದ ಬರದಲ್ಲಿ ಪುರಾಣ ಕೇಳುವವರಿಲ್ಲ, ಕೊಡುವವರಿಲ್ಲ. ಕೈಕೆಲಸ ಇವರಿಗೆ ಗೊತ್ತಿಲ್ಲ, ಭಿಕ್ಷೆ ಕೇಳಲು ನಾಚಿಕೆ. 1874ರಲ್ಲಿ ಅಪ್ಪ ಹೋದರು, ಸ್ವಲ್ಪ ದಿನಕ್ಕೇ ಅಮ್ಮ. ಹೆಣ ಹೊರಲು ಸಾಕಷ್ಟು ಜನ ಬರಲಿಲ್ಲ. ಇಬ್ಬರು ಕನಿಕರಪಟ್ಟು ಕೈಕೊಟ್ಟರು. ಅಣ್ಣ ಶ್ರೀನಿವಾಸನ ಜೊತೆ ರಮಾಳೂ ಹೆಗಲು ಕೊಡಬೇಕಾಯಿತು. ಕುಳ್ಳಗಿದ್ದದ್ದರಿಂದ ಹೆಗಲು ಎಟಕದೆ ತಲೆಯ ಮೇಲೆ ಹೊತ್ತರು. ಆಮೇಲೆ ಅಕ್ಕನೂ ತೀರಿಕೊಂಡಳು. ಅಣ್ಣ ತಂಗಿ ಕಾಶ್ಮೀರದವರೆಗೂ ನಡೆದರು. ಝೇಲಂ ದಡದಲ್ಲಿ ಚಳಿ ತಡೆಯಲಾರದೆ ಮರಳಿನಲ್ಲಿ ಗುಂಡಿ ತೋಡಿ, ಮೈಮೇಲೆ ಮರಳು ಎಳೆದುಕೊಂಡು ಮಲಗಿದ್ದುಂಟು. ಕಲ್ಕತ್ತೆ ಸೇರಿದ್ದು ಇಷ್ಟೆಲ್ಲ ಆದ ಮೇಲೆ.

ಮುಂದೆ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ದಿಕ್ಕಿಲ್ಲದ ಹೆಂಗಸರಿಗಾಗಿ ತಾವೇ ಕಟ್ಟಿದ ಮುಕ್ತಿ ಮಿಷನ್ನಿನಲ್ಲಿ ರಮಾಬಾಯಿ ಅಕ್ಷರದ ಜೊತೆಗೇ ಮಗ್ಗ, ಮುದ್ರಣ, ಬೇಸಾಯ ಕಲಿಸಿದರು. ಅದಕ್ಕೆ ಮಿಷನ್ನಿಗಿಂತ ಆ ಬರವೇ ಜಾಸ್ತಿ ಕಾರಣ ಅಂತ ನನಗನಿಸುತ್ತದೆ.

ಮಾಳದ ಕಡೆ ಡೋಂಗ್ರೆ ಮನೆತನದ ಬಗ್ಗೆ ಹಿರಿಯರು ಹೇಳುವ ಮಾತುಗಳಿದ್ದರೆ ಬರೆದು ಕಳಿಸಿ. ಪ್ರಕಟಿಸೋಣ.

— ಸಂಪಾದಕ