ಅಳಿಯನ ಯಂತ್ರ, ಮಾವನ ಹೊಲ

ಪ್ರಶ್ನೆ: ಹಿರಿಯೂರು ತಾಲ್ಲೂಕಿನಲ್ಲಿ ನಮಗೆ ನಾಲ್ಕು ಎಕರೆ ಖುಷ್ಕಿ ಇದೆ. ಪಕ್ಕದಲ್ಲೇ ಹಾಳೂರು, ಬಿದ್ದ ಗುಡಿ, ಎರಡು ವೀರಗಲ್ಲು. ಜೋರು ಮಳೆ ಬಂದರೆ ಹೊಲದಲ್ಲಿ ಮಡಕೆ ಚೂರು, ಒಮ್ಮೊಮ್ಮೆ ತಾಮ್ರದ ಕಾಸು ಮೇಲೆ ಬರುತ್ತವೆ. ಮಗಳು-ಅಳಿಯ ಇಂಗ್ಲೆಂಡಿನ ಸಫೋಕ್‌ನಲ್ಲಿದ್ದಾರೆ. ಅಳಿಯಂದಿರಿಗೆ ಮೆಟಲ್ ಡಿಟೆಕ್ಟರ್ ಹುಚ್ಚು. ಸಂಕ್ರಾಂತಿಗೆ ಬರುವಾಗ ತರುತ್ತಾರಂತೆ. ಅಲ್ಲಿ ಸಿಕ್ಕಿದ್ದರಲ್ಲಿ ಹುಡುಕಿದವನಿಗೆ ಅರ್ಧ, ಜಮೀನಿನವನಿಗೆ ಅರ್ಧ ಎನ್ನುತ್ತಾರೆ. ಪಹಣಿ ನನ್ನ ಹೆಸರಲ್ಲೇ ಇದೆ. ಸಿಕ್ಕಿದ್ದು ನಮ್ಮದೇ ಅಲ್ವಾ?

ಉತ್ತರ: ಅಲ್ಲ ಸ್ವಾಮಿ. ಪಹಣಿ ಇರುವುದು ನೆಲಕ್ಕೆ. ನೆಲದೊಳಗೆ ಯಾರೋ ಹೂತಿಟ್ಟ ಗಡಿಗೆಗೆ ಪಹಣಿ ಇಲ್ಲ. ಮೂವತ್ತಮೂರು ವರ್ಷ ಕಂದಾಯ ಇಲಾಖೆಯಲ್ಲಿ ಕೂತು ನಾನು ಹೆಚ್ಚು ಸಲ ಹೇಳಿದ ಮಾತು ಇದೇ ಇರಬೇಕು.

ಮೊದಲು ನಿಮ್ಮ ಅಳಿಯಂದಿರ ಲೆಕ್ಕ ನೋಡೋಣ. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಹೇಳಿದ್ದಾರೆ. ಅಲ್ಲಿ 1996ರ ನಿಧಿ ಕಾಯ್ದೆ ಇದೆ. 300 ವರ್ಷ ದಾಟಿದ ಚಿನ್ನ-ಬೆಳ್ಳಿ ವಸ್ತು, ಒಟ್ಟಿಗೆ ಸಿಕ್ಕ ಹಳೇ ಚಿನ್ನ-ಬೆಳ್ಳಿ ನಾಣ್ಯಗಳು, ಇಂಥವು ಸಿಕ್ಕರೆ 14 ದಿನದೊಳಗೆ ಕೊರೋನರ್‌ಗೆ ತಿಳಿಸಬೇಕು. ಅಸಹಜ ಸಾವಿನ ವಿಚಾರಣೆ ಮಾಡುವ ಅಧಿಕಾರಿಯೇ ಅಲ್ಲಿ ನಿಧಿಯ ವಿಚಾರಣೆಯನ್ನೂ ಮಾಡುತ್ತಾನೆ, ತಮಾಷೆ ನೋಡಿ. ಯಾವುದಾದರೂ ಮ್ಯೂಸಿಯಂ ಬೇಕು ಅಂದರೆ ಬೆಲೆ ಕಟ್ಟಿ ದುಡ್ಡು ಕೊಡುತ್ತದೆ. ಆ ದುಡ್ಡು ಸಾಮಾನ್ಯವಾಗಿ ಅರ್ಧ ಅರ್ಧ. ಆದರೆ ಜಮೀನಿನವನ ಒಪ್ಪಿಗೆ ಮೊದಲೇ ಇರಬೇಕು. ಸಂರಕ್ಷಿತ ಸ್ಥಳವಾದರೆ ಸರಕಾರದ ಲಿಖಿತ ಅನುಮತಿ ಇಲ್ಲದೆ ಯಂತ್ರ ಆಡಿಸುವುದೇ ಅಪರಾಧ. 2015ರಲ್ಲಿ ಹೆರೆಫರ್ಡ್‌ಶೈರ್‌ನಲ್ಲಿ ಇಬ್ಬರು ನಾಣ್ಯ, ಒಡವೆ ಹುಡುಕಿದರು. ಹೇಳಬೇಕಾದವರಿಗೆ ಹೇಳದೆ ಮಾರತೊಡಗಿದರು. 2019ರಲ್ಲಿ ಒಬ್ಬನಿಗೆ ಹತ್ತು ವರ್ಷ, ಇನ್ನೊಬ್ಬನಿಗೆ ಎಂಟೂವರೆ ವರ್ಷ ಜೈಲು ಶಿಕ್ಷೆ ಆಯಿತು. ಹೆಚ್ಚಿನ ನಾಣ್ಯ ಮತ್ತೆ ಸಿಗಲೇ ಇಲ್ಲ.

ಇನ್ನು ನಮ್ಮಲ್ಲಿ. ವಾಟ್ಸಾಪಿನಲ್ಲಿ ಒಂದು ಲೆಕ್ಕ ಓಡಾಡುತ್ತದೆ: ಸಿಕ್ಕವನಿಗೆ ಮುಕ್ಕಾಲು, ಜಮೀನಿನವನಿಗೆ ಕಾಲು. ಅದು ಬ್ರಿಟಿಷರ 1878ರ ಕಾಯ್ದೆಯದು. ಅದರಲ್ಲೂ ನಿಧಿಗೆ ವಾರಸುದಾರರಿಲ್ಲ ಎಂದು ತೀರ್ಮಾನವಾಗಿ, ಸರಕಾರ ತಾನು ಕೊಳ್ಳುವುದಿಲ್ಲ ಅಂದಮೇಲಿನ ಮಾತು. ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದು ಏನೇ ಸಿಕ್ಕರೂ ಕಲೆಕ್ಟರಿಗೆ ಬರೆದು ತಿಳಿಸಬೇಕು, ತಿಳಿಸದೆ ಹೋದರೆ ಪಾಲೂ ಹೋಗುತ್ತದೆ, ಜೈಲೂ ಇದೆ ಅಂತ ಅದೇ ಕಾಯ್ದೆ ಹೇಳುತ್ತದೆ. ಆ ಸಾಲನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಅದಿರಲಿ, ನಿಧಿ ಎಂಬುದು ಸಂವಿಧಾನದಲ್ಲಿ ರಾಜ್ಯಪಟ್ಟಿಯ ವಿಷಯ. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. ಹಾಗಾಗಿ ಆ ಮುಕ್ಕಾಲು-ಕಾಲು ಲೆಕ್ಕವನ್ನು ಹಿರಿಯೂರಿಗೆ ತರಬೇಡಿ. ಇಲ್ಲೂ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಯಾರಿಗೆ ಏನು ಎನ್ನುವುದು ಆಮೇಲೆ ವಿಚಾರಣೆಯಲ್ಲಿ ತೀರ್ಮಾನವಾಗುತ್ತದೆ. ಅಳಿಯಂದಿರು ಒಂದೇ ಒಂದು ಕಾಸನ್ನು ಸೂಟ್‌ಕೇಸಿಗೆ ಹಾಕಿಕೊಂಡು ಹೊರಟರೂ ಕಷ್ಟ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಅದನ್ನು ದೇಶದಾಚೆ ಒಯ್ದರೆ ಕನಿಷ್ಠ ಆರು ತಿಂಗಳು, ಹೆಚ್ಚೆಂದರೆ ಮೂರು ವರ್ಷ ಜೈಲು.

ಕಾನೂನು ಬಿಡಿ. ನನಗೆ ಹೊಟ್ಟೆ ಉರಿಯುವ ವಿಷಯ ಬೇರೆ ಇದೆ. ನಾನು ಖಜಾನೆ ಕೆಲಸದಲ್ಲಿದ್ದಾಗ ಒಬ್ಬ ರೈತರು ಹಾರ್ಲಿಕ್ಸ್ ಬಾಟಲಿ ತಂದು ಮೇಜಿನ ಮೇಲಿಟ್ಟರು. ಕೃಷಿಹೊಂಡ ತೋಡುವಾಗ ಸಿಕ್ಕ ತಾಮ್ರದ ನಾಣ್ಯಗಳು. ಪಳಪಳ ಹೊಳೆಯುತ್ತಿದ್ದವು. ಸರಕಾರಕ್ಕೆ ಕೊಡುವುದು ಕೊಳೆಯಾಗಿ ಯಾಕಿರಬೇಕು ಅಂತ ಅವರ ಮನೆಯವರು ಹುಣಸೆಹಣ್ಣು, ಬೂದಿ ಹಾಕಿ ರಾತ್ರಿಯೆಲ್ಲ ಉಜ್ಜಿದ್ದರು. ಮ್ಯೂಸಿಯಮ್ಮಿನಿಂದ ಬಂದವರು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಒಂದೆರಡರಲ್ಲಿ ಆನೆಯ ಬೆನ್ನು ಗುರುತು ಸಿಕ್ಕಿತು. ಮಿಕ್ಕವು ಬರೀ ಬಿಲ್ಲೆ. ಗಡಿಗೆ ಎಲ್ಲಿ ಅಂದರೆ ಜೆಸಿಬಿ ಪುಡಿ ಮಾಡಿತ್ತು, ಚೂರು ಬದುವಿಗೆ ಹೋಗಿತ್ತು. ಎಷ್ಟು ನಾಣ್ಯ ಇದ್ದವು ಎಂಬ ಬಗ್ಗೆ ರೈತರಿಗೂ ಜೆಸಿಬಿ ಹುಡುಗನಿಗೂ ಅಲ್ಲೇ ಜಗಳ. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದರು, ಪಾಪ.

ನಿಮ್ಮ ಜಿಲ್ಲೆಯ ಚಂದ್ರವಳ್ಳಿಯನ್ನೇ ನೋಡಿ. ಅಲ್ಲಿ ಶಾತವಾಹನರ ಸೀಸದ ನಾಣ್ಯಗಳೂ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ಪುರಾತತ್ವ ತಜ್ಞರು ಅಲ್ಲಿ ಪದರ ಪದರವಾಗಿ ಅಗೆಸಿದ್ದರಿಂದ ಯಾವ ಮಡಕೆ ಯಾವ ಕಾಲದ್ದು ಅಂತ ಹೇಳಲು ಆಯಿತು. ಯಂತ್ರ ಕುಂಯ್ ಅಂದ ಕಡೆಯೆಲ್ಲ ಗುದ್ದಲಿ ಹಾಕಿದರೆ ಕಾಸು ಕೈಗೆ ಬರುತ್ತದೆ, ಪದರ ಹೋಗುತ್ತದೆ. ಮೇಲಾಗಿ ನಮ್ಮ ಹೊಲಗಳಲ್ಲಿ ಆ ಯಂತ್ರ ಜಾಸ್ತಿ ಕೂಗುವುದು ಸೋಡಾ ಮುಚ್ಚಳಕ್ಕೆ, ಎತ್ತಿನ ಲಾಳಕ್ಕೆ.

ಅಳಿಯಂದಿರ ಊರಿನ ಕಡೆಯದೇ ಒಂದು ಕಥೆ ಇದೆ, ಅವರಿಗೂ ಗೊತ್ತಿರುತ್ತದೆ. ಸಫೋಕ್‌ನ ಹಾಕ್ಸನ್ ಎಂಬ ಹಳ್ಳಿ, 1992ರ ನವೆಂಬರ್. ರೈತನೊಬ್ಬ ಹೊಲದಲ್ಲಿ ಸುತ್ತಿಗೆ ಕಳೆದುಕೊಂಡ. ಹುಡುಕಿಕೊಡು ಅಂತ ಡಿಟೆಕ್ಟರ್ ಇದ್ದ ಗೆಳೆಯ ಎರಿಕ್ ಲಾಸ್‌ನನ್ನು ಕರೆದ. ಸಿಕ್ಕಿದ್ದು ರೋಮನ್ ಕಾಲದ ಚಿನ್ನದ ಸರ, ಬೆಳ್ಳಿ ಚಮಚ, ಹತ್ತಿರ ಹತ್ತಿರ 15,000 ನಾಣ್ಯ. ಲಾಸ್ ಒಂದಿಷ್ಟು ತೆಗೆದವನು ಅಲ್ಲಿಗೇ ನಿಲ್ಲಿಸಿ ಸುದ್ದಿ ಮುಟ್ಟಿಸಿದ. ಮಾರನೆಯ ದಿನ ಪುರಾತತ್ವದವರು ಬಂದು ಪೆಟ್ಟಿಗೆಯಲ್ಲಿ ಯಾವುದು ಹೇಗೆ ಜೋಡಿಸಿತ್ತೋ ಹಾಗೇ ಬಿಡಿಸಿದರು. ಲಾಸ್‌ಗೆ 17.5 ಲಕ್ಷ ಪೌಂಡ್ ಸಿಕ್ಕಿತು, ರೈತನಿಗೂ ಪಾಲು ಕೊಟ್ಟ. ಸುತ್ತಿಗೆಯೂ ಸಿಕ್ಕಿತು. ಅದೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ನೀವು ಮಾಡಬೇಕಾದ್ದು ಇಷ್ಟು. ಆ ಬಿದ್ದ ಗುಡಿಯ ಹತ್ತಿರ ಪುರಾತತ್ವ ಇಲಾಖೆಯ ಬೋರ್ಡ್ ಇದೆಯಾ ನೋಡಿ. ಇದ್ದರೆ ಆ ಕಡೆ ಯಂತ್ರವೂ ಬೇಡ, ಹಾರೆಯೂ ಬೇಡ. ಬೋರ್ಡ್ ಇಲ್ಲದಿದ್ದರೂ ವೀರಗಲ್ಲಿನ ಬುಡ ಮುಟ್ಟಬೇಡಿ. ನಿಧಿ ಆಸೆಗೆ ಕಲ್ಲು ಕೀಳುವವರ ಕಾಟ ನಿಮ್ಮ ಕಡೆ ಹೇಗಿದೆ ಅಂತ ನನಗಿಂತ ನಿಮಗೇ ಗೊತ್ತು. ರಾತ್ರಿ ಟಾರ್ಚ್ ಹಿಡಿದು ಹೊಲದಲ್ಲಿ ಓಡಾಡಿದರೆ ಊರವರು ನಿಮ್ಮನ್ನೂ ಅದೇ ಸಾಲಿಗೆ ಸೇರಿಸುತ್ತಾರೆ. ಉಳುವಾಗ ತಾನಾಗಿ ಏನಾದರೂ ಮೇಲೆ ಬಂದರೆ ನೇಗಿಲು ನಿಲ್ಲಿಸಿ, ಇದ್ದ ಹಾಗೇ ಫೋಟೊ ತೆಗೆದು, ಗ್ರಾಮ ಆಡಳಿತಾಧಿಕಾರಿಗೆ (ಮೊದಲು ಗ್ರಾಮ ಲೆಕ್ಕಿಗ ಅಂತಿದ್ದವರು) ತಿಳಿಸಿ. ಪಂಚನಾಮೆ ನಿಮ್ಮ ಎದುರೇ ಆಗಲಿ. ಎಷ್ಟು ನಾಣ್ಯ ಅಂತ ಬರೆಸಿ, ನಕಲು ಇಸಿದುಕೊಳ್ಳಿ.

ಈಗಾಗಲೇ ಮಳೆಗೆ ಸಿಕ್ಕ ಕಾಸು ಡಬ್ಬಿಯಲ್ಲಿದ್ದರೆ, ಇರುತ್ತವೆ ಬಿಡಿ, ಒಂದೊಂದನ್ನೂ ಬೇರೆ ಕಾಗದದಲ್ಲಿ ಸುತ್ತಿ. ಹೊಲದ ಯಾವ ಮೂಲೆ, ಯಾವ ವರ್ಷ ಅಂತ ಮೇಲೆ ಬರೆಯಿರಿ. ಅವನ್ನೂ ಸೇರಿಸಿಯೇ ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ. ಹುಣಸೆಹಣ್ಣು ಸಾರಿಗಿರಲಿ. ಅಳಿಯಂದಿರು ಯಂತ್ರ ತಂದೇ ತರುತ್ತಾರೆ ಅಂದರೆ ಮನೆ ಹಿತ್ತಲಲ್ಲಿ ಯಾರದ್ದಾದರೂ ಕಾಲುಂಗುರ ಬಿದ್ದುಹೋಗಿದೆಯಾ ಕೇಳಿ, ಅದನ್ನು ಹುಡುಕಲಿ.